ಎರಡು ಬಾಗಿಲುಗಳ ನಡುವೆ

"ಎಡಗಾಲು," ಎಂದಳು ಸೊಸೆ. "ಅತ್ತೆ, ನೋಡಿದ್ರಾ? ಮತ್ತೆ ಎಡಗಾಲೇ."

ಬಾದಾಮಿ ಹಿಡಿದ ಅವಳ ಬೆರಳುಗಳು ಇನ್ನೂ ಗೂಡಿನ ಕಂಬಿಗಳ ಸಂದಿಯಲ್ಲೇ ಇದ್ದವು. ಒಳಗಿದ್ದ ಬಿಳಿ ಕಾಕಟೂ ಗಿಣಿ ಬಲಗಾಲನ್ನು ಅಡ್ಡಕೋಲಿಗೆ ಬಿಗಿಯಾಗಿ ಊರಿ, ಎಡಗಾಲನ್ನು ಕೈಯಂತೆ ಚಾಚಿ, ಬಾದಾಮಿಯನ್ನು ಇಸಿದುಕೊಂಡು ಕೊಕ್ಕಿಗೆ ಒಯ್ದಿತು. ತಲೆಯ ಮೇಲಿನ ಹಳದಿ ಜುಟ್ಟು, ಕಪ್ಪು ಕೊಕ್ಕು, ಕೂತ ಠೀವಿ ಎಲ್ಲವೂ ಈ ಪಕ್ಷಿ ಪಾರ್ಕಿನ ಹೆಸರಾಂತ ಕಾಕಟೂ ರಾಣಿಯವೇ ಅನ್ನಬೇಕು. ಎದೆಯ ಮೇಲೆ ಮಾತ್ರ ಒಂದು ಗರಿಯೂ ಇರಲಿಲ್ಲ. ತಾನೇ ಕಿತ್ತು ಕಿತ್ತು ಕೆಂಪಾಗಿಸಿಕೊಂಡ ಬರೀ ಚರ್ಮ.

"ಇನ್ನೊಂದು ಸಲ ಕೊಟ್ಟು ನೋಡು," ಎಂದರು ಅತ್ತೆ.

"ಬೆಳಿಗ್ಗೆಯಿಂದ ಕೊಡ್ತಾನೇ ಇದೀನಿ. ಒಂದು ಸಲವೂ ಬಲಗಾಲು ಚಾಚಿಲ್ಲ."

"ಹಾಗಾದ್ರೆ ಉಳಿದ ಬಾದಾಮಿ ಇತ್ತ ಕೊಡು. ಅವಳ ಹೊಟ್ಟೆ ತುಂಬ್ತು, ನನ್ನದು ಹಾಗೇ ಇದೆ."

ಹೋದ ಭಾನುವಾರ ರಾಣಿಯ ಗೂಡಿನಲ್ಲಿ ಈ ಬೋಳು ಎದೆ ಕಂಡಾಗಿನಿಂದ ಊರ ತುಂಬ ಒಂದೇ ಮಾತು: ಪಾರ್ಕಿನವರು ರಾಣಿಯನ್ನು ಹಿಂಸೆ ಮಾಡಿ ಈ ಗತಿಗೆ ತಂದಿದ್ದಾರೆ. ಯಾರೋ ತೆಗೆದ ವಿಡಿಯೋ ಮನೆಮನೆಯ ಫೋನಿಗೂ ತಲುಪಿತ್ತು. ಪಾರ್ಕಿನ ಗೇಟಿನ ಮುಂದೆ ಜನ ಬೋರ್ಡು ಹಿಡಿದು ನಿಂತಿದ್ದರು. ಪ್ರಾಣಿ ದಯಾ ಇಲಾಖೆಯ ಅಧಿಕಾರಿ ಬಂದು ಕೂತಿದ್ದರು. ಇವತ್ತು ಪಾರ್ಕು ಮುಚ್ಚುವ ಹೊತ್ತಿಗೆ ಅವರು ಆದೇಶ ಓದಿದರೆ, ಇಲ್ಲಿರುವ ಹಕ್ಕಿಗಳೆಲ್ಲ ಊರಾಚೆಯ ರಕ್ಷಣಾ ಕೇಂದ್ರದ ಪಾಲು. ಅವುಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಪೊಲೀಸರ ಪಾಲು.

ಆ ಹೆಂಗಸು ಈಗ ಮೂಲೆಯಲ್ಲಿ ನೆಲದ ಮೇಲೆ ಕೂತು, ಒಂದು ಹಳೆಯ ಉಣ್ಣೆ ಕಾಲುಚೀಲದ ತುದಿ ಕತ್ತರಿಸಿ ಅದಕ್ಕೆ ರೆಕ್ಕೆ ತೂರುವಷ್ಟು ತೂತು ಮಾಡುತ್ತಿದ್ದಳು. ಬೋಳು ಎದೆಗೆ ಅಂಗಿ. ಪಾರ್ಕಿಗೆ ಬರುವ ಮಕ್ಕಳು ಅವಳಿಗಿಟ್ಟ ಹೆಸರು ಹಕ್ಕಿಯಮ್ಮ.

"ನಾನು ಮೊದಲ ದಿನದಿಂದ ಬಡಕೋತಾ ಇದೀನಿ ಸೊಸೆಯಮ್ಮ, ಇವಳು ನನ್ನ ರಾಣಿ ಅಲ್ಲ ಅಂತ," ಎಂದಳು ಅವಳು, ಸೂಜಿಯಿಂದ ಕಣ್ಣೆತ್ತದೆ. "ತಪ್ಪು ಮುಚ್ಚಿಕೊಳ್ಳೋಕೆ ಕಥೆ ಕಟ್ತಾಳೆ ಅಂದ್ರು. ಕಾಲಿಗೆ ಉಂಗುರ ಇದ್ದಿದ್ರೆ ತೋರಿಸಬಹುದಿತ್ತು. ರಾಣಿ ಹಾಕಿದ ಉಂಗುರನೆಲ್ಲ ಕಡಿದು ಬಿಸಾಕೋಳು."

"ಮಾತಾಡಲ್ವಾ ಇದು?" ಎಂದು ಕೇಳಿದರು ಅತ್ತೆ.

"ಇವಳ ಬಾಯಿಂದ ಒಂದು ಸದ್ದೂ ಬಂದಿಲ್ಲ. ರಾಣಿ ಹಾಗಾ? ಯಾರು ಒಳಗೆ ಬಂದ್ರೂ 'ಬಾಗಿಲು ಹಾಕ್ಕೊಂಡು ಬನ್ರಪ್ಪ' ಅನ್ನೋಳು. ದಿನಾ ಇಡೀ ದಿನ ನಾನು ಅದನ್ನೇ ಹೇಳ್ತೀನಲ್ಲ, ಕೇಳಿ ಕೇಳಿ ಕಲಿತಿದ್ದು. ಅದೂ ನನ್ನದೇ ಗಂಟಲಲ್ಲಿ. ಜನ ತಿರುಗಿ ನನ್ನ ಮುಖ ನೋಡೋರು. ನಾನು ಬಾಯಿ ಮುಚ್ಕೊಂಡು ನಿಂತಿರ್ತಿದ್ದೆ."

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಸೊಸೆ ಎದ್ದಳು. ಪತ್ತೆ ಕೆಲಸಕ್ಕೆ ಇಳಿದು ವರ್ಷಗಳಾದರೂ ಪ್ರತಿ ಸಲವೂ ಅವಳಿಗೆ ತನ್ನ ಮೇಲೇ ಅನುಮಾನ. ಟೈಲರ್ ಅಂಗಡಿಯ ಮಹಡಿಯ ಮೇಲಿನ ಒಂದು ಕೋಣೆ, ಎರಡು ಕುರ್ಚಿ, ಒಂದು ಫ್ಯಾನು. ಇಷ್ಟೇ ಅವರ ಕಚೇರಿ. ಬೋರ್ಡಿನ ಮೇಲೆ ಏನೇ ಬರೆದಿರಲಿ, ಜನ ಕರೆಯುತ್ತಿದ್ದುದು 'ಅತ್ತೆ-ಸೊಸೆ ಆಫೀಸು' ಎಂದೇ. ಕಳೆದುಹೋದ ಸ್ಕೂಟರು, ಮುರಿದುಬಿದ್ದ ಮದುವೆ ಮಾತುಕತೆ, ಬಾಡಿಗೆಯವರ ಜಗಳ, ಇವೇ ಅವರ ಪಾಲಿಗೆ ಬರುವ ಕೇಸುಗಳು. ಇಷ್ಟು ದೊಡ್ಡ ಪಾರ್ಕಿನ ಯಜಮಾನರು ಊರಿನ ಹೆಸರಾಂತ ಪತ್ತೇದಾರರನ್ನೆಲ್ಲ ಬಿಟ್ಟು ತಮ್ಮನ್ನೇ ಯಾಕೆ ಹುಡುಕಿಕೊಂಡು ಬಂದರು ಎಂದು ಅವಳು ದಿನಕ್ಕೊಮ್ಮೆಯಾದರೂ ಕೇಳಿಕೊಳ್ಳುತ್ತಿದ್ದಳು.

ಬಂದರು ಅನ್ನುವುದೂ ತಪ್ಪು. ಯಜಮಾನರು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಬೇರೆ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಸಂಜೆ ಚಹಾದ ಹೊತ್ತಿಗೆ ತಪ್ಪದೆ ಫೋನು ಮಾಡುತ್ತಿದ್ದರು. "ರಾಣಿ ನನ್ನ ಮಗಳಿದ್ದ ಹಾಗೆ ಕಣಮ್ಮ" ಎಂದು ಗದ್ಗದರಾಗುತ್ತಿದ್ದರು. ಅತ್ತೆಗೂ ಅವರ ಪರಿಚಯ ಆ ದನಿಯಿಂದಷ್ಟೇ. ಆದರೆ ಅತ್ತೆಗೆ ಅಷ್ಟು ಸಾಕು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯವೆಲ್ಲ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವರು; ಒಮ್ಮೆ ಕೇಳಿದ ದನಿಯನ್ನು ಮರೆತದ್ದಿಲ್ಲ.

"ನಡೀರಿ ಅತ್ತೆ," ಎಂದಳು ಸೊಸೆ. "ಹೊತ್ತಾಗ್ತಿದೆ. ಹಕ್ಕಿಯಮ್ಮ, ನಾನು ಹೇಳಿದ್ದು ನೆನಪಿದೆಯಲ್ಲ? ಆಫೀಸಿನ ಹೊರಗಡೆ, ಆ ಬೇಲಿ ಪಕ್ಕ. ಇವಳನ್ನೂ ಕರಕೊಂಡು ಬನ್ನಿ."

"ಅಂಗಿ ಹಾಕಿಸಿ ತರ್ತೀನಿ. ಗಾಳಿ ಇದೆ."

* * *

ಆಫೀಸಿನ ಮೇಜಿನ ಮೇಲೆ ಸೊಸೆ ಫೋಟೋಗಳನ್ನು ಸಾಲಾಗಿ ಹರಡಿದಳು. ಪಾರ್ಕಿನ ಹೊರಹೋಗುವ ದಾರಿಯಲ್ಲಿ ಒಂದು ಉದ್ದನೆಯ ಗೋಡೆಯಿತ್ತು. ಬಂದವರು ಹಕ್ಕಿಗಳ ಜೊತೆ ತೆಗೆಸಿಕೊಂಡ ಫೋಟೋವನ್ನು ಅಲ್ಲಿ ಅಂಟಿಸಿ ಹೋಗುವುದು ರೂಢಿ. ಬೋಳುತಲೆಯ ಮೇಲೆ ಗಿಣಿ ಕೂತು ಕಂಗಾಲಾದ ತಾತ. ಸಿಹಿನೀರಿನ ಬಟ್ಟಲು ಹಿಡಿದ ತಂಗಿಯ ಮೈತುಂಬ ಬಣ್ಣದ ಪುಟ್ಟ ಗಿಣಿಗಳು, ಪಕ್ಕದಲ್ಲಿ ಒಂದೂ ಸಿಗದ ಅಣ್ಣನ ಸೊಟ್ಟ ಮುಖ. ಹೊಸ ಅಂಗಿಯ ಮೇಲೆ ಹಿಕ್ಕೆ ಬಿದ್ದ ಮದುಮಗ. ಮತ್ತೆ ಎಲ್ಲರಿಗಿಂತ ಹೆಚ್ಚಾಗಿ ರಾಣಿ.

"ಇದರಲ್ಲಿ ರಾಣಿ ಏನಾದರೂ ಇಸಕೋತಿರೋ ಫೋಟೋ ಅಷ್ಟೇ ಆರಿಸಿದೀನಿ ಸರ್," ಎಂದಳು. "ಎಲ್ಲದರಲ್ಲೂ ಬಲಗಾಲು. ಈ ಜಾತಿ ಹಕ್ಕಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಎಡಚ ಅಂತೆ. ರಾಣಿ ಅಪರೂಪದವಳು. ಈಗ ಗೂಡಲ್ಲಿರೋದು ಎಡಚಿ."

ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿ ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದರು. ಒರಟು ಮನುಷ್ಯರಲ್ಲ. ಆದರೆ ಸುಲಭಕ್ಕೆ ಒಪ್ಪುವವರೂ ಅಲ್ಲ.

"ಮೇಡಂ, ಫೋನಲ್ಲಿ ತಮ್ಮ ಫೋಟೋ ತಾವೇ ತೆಗೆದರೆ ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ."

"ಹೌದು ಸರ್. ನಿನ್ನೆ ಅದೇ ಯೋಚನೆಯಲ್ಲಿ ಊಟ ಸೇರಲಿಲ್ಲ. ಅದಕ್ಕೇ ಹಿಂದುಗಡೆ 'ಕೈ ತೊಳೆದುಕೊಳ್ಳಿ' ಅನ್ನೋ ಬೋರ್ಡು ಕಾಣೋ ಫೋಟೋಗಳನ್ನಷ್ಟೇ ಇಟ್ಟಿದೀನಿ. ಅಕ್ಷರ ನೆಟ್ಟಗಿದ್ರೆ ಕಾಲೂ ನೆಟ್ಟಗಿದೆ ಅಂತ."

ಅಧಿಕಾರಿ ಮತ್ತೊಮ್ಮೆ ನೋಡಿದರು. ಅಕ್ಷರ ನೆಟ್ಟಗಿತ್ತು.

"ಅಂದ್ರೆ ಹಕ್ಕಿ ಬದಲಾಗಿದೆ."

"ಬದಲಾಗಿದೆ ಸರ್."

ಅಷ್ಟರಲ್ಲಿ ಕಿಟಕಿಯ ಪಕ್ಕದ ಕುರ್ಚಿಯಿಂದ ಮೃದುವಾದ ದನಿ ಬಂತು.

"ಅಯ್ಯೋ ಪಾಪ. ಒಂದು ಜೀವಕ್ಕೆ ಕೊಟ್ಟದ್ದು ಸಾಲದು ಅಂತ ಎರಡು ಜೀವಕ್ಕೆ ಹಿಂಸೆ."

ರಕ್ಷಣಾ ಕೇಂದ್ರದ ಮುಖ್ಯಸ್ಥ. ಇಸ್ತ್ರಿ ಮುರಿಯದ ಕರಿಯ ಕೋಟು, ಮೂಗು ಬಾಯಿ ಮುಚ್ಚಿದ ಮಾಸ್ಕು. ಹಕ್ಕಿಯ ಗರಿ ಆಗದು, ಹತ್ತಿರ ಬಂದರೆ ಸೀನು ಹತ್ತಿ ಉಸಿರೇ ಕಟ್ಟುತ್ತದೆ ಎಂದು ಮೊದಲ ದಿನವೇ ಹೇಳಿದ್ದ. ತನ್ನ ಕೇಂದ್ರದಲ್ಲೂ ಕಾಗದಪತ್ರದ ಕೆಲಸವಷ್ಟೇ ತನ್ನದು, ಗೂಡುಗಳ ಕಡೆ ತಲೆಯಿಟ್ಟೂ ಮಲಗುವುದಿಲ್ಲ. ಈ ಪಾರ್ಕಿನಲ್ಲಂತೂ ಆಫೀಸು ದಾಟಿ ಒಳಗೆ ಕಾಲಿಟ್ಟಿಲ್ಲ ಎಂದಿದ್ದ. ಇಷ್ಟು ಕಷ್ಟದಲ್ಲೂ ಮೂಕ ಜೀವಿಗಳಿಗಾಗಿ ಮರುಗುವ ಅವನಿಗೆ ಅತ್ತೆ ಇಟ್ಟ ಹೆಸರು ಕರುಣಾಮೂರ್ತಿ.

"ಹಕ್ಕಿ ಬದಲಾಗಿದ್ರೆ ಬದಲಾಯಿಸಿದ್ದು ಯಾರು ಸರ್?" ಎಂದ ಕರುಣಾಮೂರ್ತಿ. "ರಾಣಿಯ ಗೂಡು ಇರೋದು ದೊಡ್ಡ ಬಲೆಮನೆ ಒಳಗೆ ಅಂತ ಕೇಳಿದೀನಿ."

ಅಧಿಕಾರಿ ತಲೆಯಾಡಿಸಿದರು. ಮುಂದಿನ ಮಾತು ಏನೆಂದು ಸೊಸೆಗೆ ಗೊತ್ತಿತ್ತು.

ಬಲೆಮನೆ ಎಂದರೆ ಮರಗಳನ್ನೂ ಕೊಳವನ್ನೂ ಒಳಗೇ ಸೇರಿಸಿಕೊಂಡು ಮೇಲೆಲ್ಲ ಬಲೆ ಹೊದಿಸಿದ ಜಾಗ. ಪುಟ್ಟ ಹಕ್ಕಿಗಳು ಅಲ್ಲಿ ಬಿಡುಬೀಸಾಗಿ ಹಾರುತ್ತವೆ. ಒಳಗೆ ಹೋಗಲು ಒಂದರ ಹಿಂದೆ ಒಂದು ಎರಡು ಬಾಗಿಲು, ನಡುವೆ ನಾಲ್ಕು ಜನ ನಿಲ್ಲುವಷ್ಟು ನಡುಕೋಣೆ. ಮೊದಲ ಬಾಗಿಲು ಮುಚ್ಚದೆ ಎರಡನೆಯದನ್ನು ತೆರೆಯುವಂತಿಲ್ಲ. ತೆರೆದರೆ ಕಣ್ಣು ಮಿಟುಕಿಸುವುದರೊಳಗೆ ಹಕ್ಕಿಗಳು ಆಕಾಶ ಸೇರಿರುತ್ತವೆ. ಹೊಸಬರು ಇದನ್ನು ಮರೆಯದೇ ಇರುವುದಿಲ್ಲ. ಹಕ್ಕಿಯಮ್ಮ ದಿನವಿಡೀ ಅಲ್ಲಿ ನಿಂತು ಬಾಗಿಲು ಬಾಗಿಲು ಅನ್ನುತ್ತಿದ್ದುದು ಅದಕ್ಕೇ.

"ಮಧ್ಯಾಹ್ನ ಹಕ್ಕಿಗಳ ವಿಶ್ರಾಂತಿ ಹೊತ್ತು. ಬಲೆಮನೆಗೆ ಬೀಗ," ಎಂದರು ಅಧಿಕಾರಿ. "ಬದಲಾಯಿಸಿದ್ದು ಆಗಲೇ ಇರಬೇಕು. ಬೀಗ ಒಡೆದಿಲ್ಲ. ದೊಡ್ಡ ಗೂಡು ಹೊತ್ತುಕೊಂಡು ಎರಡೂ ಬಾಗಿಲು ದಾಟಿದಾರೆ, ಆದರೂ ಒಂದು ಹಕ್ಕಿಯೂ ಹೊರಗೆ ಹಾರಿಲ್ಲ. ಇದು ಹೊಸಬರ ಕೈವಾಡ ಅಲ್ಲ ಮೇಡಂ. ಬಲೆಮನೆ ಪಳಗಿದವರ ಕೆಲಸ. ಪಳಗಿದವರು ಅಂದ್ರೆ ಒಬ್ಬರೇ."

ಹಕ್ಕಿಯಮ್ಮನ ಕೊರಳಿನ ಕುಣಿಕೆ ಬಿಚ್ಚಲು ಹೋಗಿ ತಾನೇ ಬಿಗಿದೆನೇ? ಸೊಸೆ ಮೇಜಿನ ಮೇಲೆ ಹರಡಿದ ಫೋಟೋಗಳನ್ನೇ ನೋಡಿದಳು. ಇದೇ ಹಕ್ಕಿಯಮ್ಮ ಜಗಳವಾಡಿ ವಿಶ್ರಾಂತಿಯ ಹೊತ್ತನ್ನು ಜಾರಿಗೆ ತಂದವಳು. ಹಕ್ಕಿಗಳಿಗೂ ಒಂದು ನಿದ್ದೆ ಬೇಡವಾ, ದಿನವೆಲ್ಲ ಯಾರದೋ ಭುಜದ ಮೇಲೆ ಕೂತು ಹಲ್ಲು ಕಿರಿಯಬೇಕಾ ಎಂದು ಕೇಳಿದವಳು. ಆ ಹೊತ್ತೇ ಈಗ ಅವಳಿಗೆ ಮುಳುವಾಗಿತ್ತು.

"ಆದೇಶ ಗೇಟಿನ ಹತ್ತಿರ ಎಲ್ಲರ ಮುಂದೆ ಓದೋಣ," ಎಂದು ಅಧಿಕಾರಿ ಎದ್ದರು. "ಜನ ಬೆಳಿಗ್ಗೆಯಿಂದ ನಿಂತಿದಾರೆ."

ಸೊಸೆ ಅತ್ತೆಯ ಕಡೆ ನೋಡಿದಳು. ನಿನ್ನೆಯಿಂದ ಒಂದು ಸಣ್ಣ ವಿಷಯ ಅವಳ ತಲೆಯಲ್ಲಿ ನೊಣದಂತೆ ಗುಂಯ್‌ಗುಡುತ್ತಿತ್ತು. ತಾನು ಕಂಡದ್ದು ನಿಜವೋ ಭ್ರಮೆಯೋ ಎಂಬ ಅನುಮಾನ. ಅತ್ತೆಯ ಕಿವಿಯಲ್ಲಿ ಮಾತ್ರ ಹಾಕಿದ್ದಳು. "ಅನುಮಾನ ಇದ್ರೆ ಇನ್ನೊಂದು ಸಲ ನೋಡಿದರಾಯ್ತಪ್ಪ," ಎಂದಿದ್ದರು ಅತ್ತೆ, ಸಾರಿಗೆ ಉಪ್ಪು ನೋಡುವಷ್ಟೇ ಸಲೀಸಾಗಿ.

ಅತ್ತೆ ಸೆರಗು ಸರಿಪಡಿಸಿಕೊಂಡರು. ಅದೇ ಸನ್ನೆ.

* * *

ಆಫೀಸಿಗೂ ಹೊರಗಿನ ಅಂಗಳಕ್ಕೂ ನಡುವೆ ಒಂದು ಚಿಕ್ಕ ಓಣಿಯಿತ್ತು. ಧೂಳು ತಡೆಯಲಿ ಎಂದು ಎರಡೂ ತುದಿಗೆ ಬಾಗಿಲು. ಒಳಗೆ ಚಪ್ಪಲಿ ಸ್ಟ್ಯಾಂಡು, ನಾಲ್ಕಾರು ಕೊಡೆ. ಹಕ್ಕಿಯ ಸುಳಿವೂ ಇಲ್ಲದ ಜಾಗ. ಅಲ್ಲಿನ ಬಾಗಿಲುಗಳನ್ನು ಯಾರೂ ಹಾಕುತ್ತಿರಲಿಲ್ಲ; ಇಟ್ಟಿಗೆ ಕೊಟ್ಟು ತೆರೆದೇ ಇಡುತ್ತಿದ್ದರು. ಇವತ್ತು ಮಧ್ಯಾಹ್ನ ಸೊಸೆ ಆ ಇಟ್ಟಿಗೆಗಳನ್ನು ಎತ್ತಿ ಕೊಡೆಗಳ ಹಿಂದೆ ಇಟ್ಟಿದ್ದಳು.

ಕರುಣಾಮೂರ್ತಿ ಮುಂದೆ ನಡೆದ. ಒಳಬಾಗಿಲು ದಾಟಿ ಓಣಿಗೆ ಬಂದು ಹೊರಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟ. ಪಕ್ಕದಲ್ಲಿ ಸೊಸೆ. ಹಿಂದೆ ಅತ್ತೆ, ಅವರ ಬೆನ್ನಿಗೆ ಅಧಿಕಾರಿ.

ಅತ್ತೆ ಒಳಬಾಗಿಲಿನ ಹೊಸ್ತಿಲ ಮೇಲೇ ನಿಂತುಬಿಟ್ಟರು, ಬಾಗಿಲನ್ನು ಭುಜದಿಂದ ಒತ್ತಿ ಹಿಡಿದು.

"ನನ್ನ ಚಪ್ಪಲಿ ಎಲ್ಲೇ?"

"ಅಲ್ಲೇ ಸ್ಟ್ಯಾಂಡಲ್ಲಿ ನೋಡಿ ಅತ್ತೆ."

"ಇದು ನನ್ನದಲ್ಲ. ಇದೂ ಅಲ್ಲ. ನನ್ನದು ಹೆಬ್ಬೆರಳ ಹತ್ತಿರ ಕಿತ್ತಿದೆ."

ಸೊಸೆ ಕರುಣಾಮೂರ್ತಿಯ ಕೈಯನ್ನೇ ನೋಡುತ್ತಿದ್ದಳು. ಕೈ ಹಿಡಿಯ ಮೇಲೇ ಇತ್ತು. ತಿರುಗಲಿಲ್ಲ.

"ಯಾಕ್ ಸರ್, ಬಾಗಿಲು ಬಿಗಿಯಾಗಿದ್ಯಾ?"

"ಇಲ್ಲ ಇಲ್ಲ. ಅಮ್ಮ ಬರಲಿ."

"ನನಗೋಸ್ಕರ ಕಾಯಬೇಡಿ ಸ್ವಾಮಿ," ಎಂದರು ಅತ್ತೆ, ಬಗ್ಗಿ ಒಂದೊಂದೇ ಜೋಡಿ ಎತ್ತಿ ನೋಡುತ್ತ. "ನೀವು ನಡೀತಾ ಇರಿ. ವಯಸ್ಸಾದವರದ್ದು ಹೀಗೇ."

ಅವನು ನಡೆಯಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಹಿಂತಿರುಗಿ ತೆರೆದ ಬಾಗಿಲನ್ನು ನೋಡಿದ. ಮೈಯಲ್ಲಿ ಎಲ್ಲೋ ಕಡಿತ ಎದ್ದು, ಕೆರೆದುಕೊಳ್ಳಲಾಗದೆ ಒದ್ದಾಡುವವನಂತಿದ್ದ.

"ಅಮ್ಮಾ," ಎಂದ ಕೊನೆಗೆ. "ಮೊದಲು ಇತ್ತ ಬಂದು ಆ ಬಾಗಿಲು ಹಾಕಿ."

"ಬಂದೆ ಬಂದೆ. ಸಿಕ್ತು."

ಅತ್ತೆ ಒಳಗೆ ಬಂದರು, ಅಧಿಕಾರಿಯೂ ಬಂದರು. ಒಳಬಾಗಿಲು ಟಕ್ಕೆಂದು ಮುಚ್ಚಿತು. ಆ ಸದ್ದಿಗೆ ಕರುಣಾಮೂರ್ತಿಯ ಭುಜಗಳು ಇಳಿದವು. ಅವನು ಕತ್ತೆತ್ತಿ ತಲೆಯ ಮೇಲಿನ ಸೂರನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ಒಮ್ಮೆ ಕಣ್ಣಾಡಿಸಿ ನೋಡಿದ. ಆಮೇಲಷ್ಟೇ ಹಿಡಿ ತಿರುಗಿಸಿದ. ಹೊರಗಿನ ಬೆಳಕು ಒಳಗೆ ಬಿತ್ತು.

"ಒಂದು ನಿಮಿಷ ಸರ್," ಎಂದಳು ಸೊಸೆ. "ಮೇಲೆ ಏನು ನೋಡಿದ್ರಿ?"

"ಏನು?"

"ಬಾಗಿಲು ತೆಗೆಯೋ ಮುಂಚೆ ಮೇಲೆ ನೋಡಿದ್ರಲ್ಲ. ನಿನ್ನೆನೂ ನೋಡಿದ್ರಿ. ಹಿಂದಿನ ಬಾಗಿಲು ಮುಚ್ಚೋವರೆಗೂ ಮುಂದಿನದು ತೆಗೀಲಿಲ್ಲ. ನಿನ್ನೆಯಂತೂ ಇಟ್ಟಿಗೆನೇ ಸರಿಸಿ ಬಾಗಿಲು ಹಾಕಿದ್ರಿ. ನಿನ್ನೆ ನಾನು ನನ್ನ ಕಣ್ಣನ್ನೇ ನಂಬಿರಲಿಲ್ಲ."

ಅಧಿಕಾರಿಯ ಹುಬ್ಬು ಮೇಲೇರಿತು. ಅವರು ಮುಚ್ಚಿದ ಬಾಗಿಲನ್ನೊಮ್ಮೆ, ತೆರೆದ ಬಾಗಿಲನ್ನೊಮ್ಮೆ ನೋಡಿದರು.

"ನಾನು ಬೆಳಿಗ್ಗೆಯಿಂದ ಎಷ್ಟು ಸಲ ಓಡಾಡಿದೀನೋ," ಎಂದರು ನಿಧಾನವಾಗಿ. "ಒಂದು ಸಲವೂ ಬಾಗಿಲು ಹಾಕಿಲ್ಲ."

"ಯಾರೂ ಹಾಕಲ್ಲ ಸರ್. ಇದು ಆಫೀಸು. ಹೀಗೆ ಹಾಕೋ ಅಭ್ಯಾಸ ಇರೋದು ಬಲೆಮನೆಯಲ್ಲಿ ಬೆಳಿಗ್ಗೆ ಸಂಜೆ ಓಡಾಡಿದವರಿಗೆ ಮಾತ್ರ. ಬುದ್ಧಿ ಮರೆತರೂ ಕೈ ಮರೆಯಲ್ಲ."

ಕರುಣಾಮೂರ್ತಿ ಮಾಸ್ಕಿನೊಳಗೆ ನಕ್ಕ. "ಒಳ್ಳೆ ಪತ್ತೆ ಮೇಡಂ. ನಮ್ಮನೇಲಿ ಬೆಕ್ಕಿದೆ. ಬಾಗಿಲು ತೆಗೆದರೆ ರಸ್ತೆಗೆ ಓಡುತ್ತೆ. ಹತ್ತಾರು ವರ್ಷದ ಅಭ್ಯಾಸ."

ಬೆಕ್ಕು. ಬೆಕ್ಕು ಸಾಕಿದವರು ಲಕ್ಷಾಂತರ ಜನ. ಬೆಕ್ಕಿನ ಬಗ್ಗೆ ಸೊಸೆ ಯೋಚಿಸಿಯೇ ಇರಲಿಲ್ಲ.

ಅತ್ತೆ ಚಪ್ಪಲಿ ಮೆಟ್ಟಿಕೊಳ್ಳುತ್ತ ತಲೆ ಎತ್ತದೆಯೇ ಕೇಳಿದರು. "ನಿಮ್ಮನೆ ಬೆಕ್ಕು ಹಾರುತ್ತಾ?"

ಸೊಸೆಯ ಮುಖ ಅರಳಿತು.

"ಹೌದು ಸರ್," ಎಂದಳು ಅಧಿಕಾರಿಯ ಕಡೆ ತಿರುಗಿ. "ಬೆಕ್ಕು ಕಾಲಡಿ ನುಸುಳುತ್ತೆ. ಬೆಕ್ಕಿಗೆ ಹೆದರೋರು ಕೆಳಗೆ ನೋಡ್ತಾರೆ. ಇವರು ನೋಡಿದ್ದು ಸೂರು."

ಕರುಣಾಮೂರ್ತಿಯ ನಗು ಮಾಸ್ಕಿನೊಳಗೇ ಆರಿಹೋಯಿತು. ತಲೆ ತಪ್ಪಿಸಿಕೊಂಡರೆ ಸಾಕೆನ್ನುವಂತೆ ಅಂಗಳಕ್ಕೆ ಕಾಲಿಟ್ಟ. ಎರಡು ಹೆಜ್ಜೆ ಹೋಗಿ ಗಕ್ಕನೆ ನಿಂತ.

ಬೇಲಿಯ ಪಕ್ಕ ಹಕ್ಕಿಯಮ್ಮ ನಿಂತಿದ್ದಳು. ಅವಳ ತೋಳಿನ ಮೇಲೆ, ಬೂದುಬಣ್ಣದ ಕಾಲುಚೀಲದ ಅಂಗಿ ತೊಟ್ಟು, ಆ ಬೋಳು ಎದೆಯ ಹಕ್ಕಿ.

ಹಕ್ಕಿ ಅವನನ್ನು ನೋಡಿತು. ಇಷ್ಟು ದಿನ ಕಲ್ಲಿನಂತೆ ಕೂತಿದ್ದುದು ಜುಟ್ಟನ್ನು ಬೀಸಣಿಗೆಯಂತೆ ಅರಳಿಸಿತು. ಹಕ್ಕಿಯಮ್ಮನ ತೋಳಿನಿಂದ ತಡವರಿಸುತ್ತ ಹಾರಿ, ಕರಿಯ ಕೋಟಿನ ಭುಜವನ್ನು ಕೊಕ್ಕಿನಿಂದ ಕಚ್ಚಿ ಹತ್ತಿ, ಅವನ ಗದ್ದದ ಕೆಳಗೆ ತಲೆ ತೂರಿಸಿತು. ಕತ್ತು ಕೆರೆ ಎನ್ನುವಂತೆ ತಲೆ ಬಗ್ಗಿಸಿ ಕಾದು ಕೂತಿತು.

ಮಾಸ್ಕು ಒಂದು ಕಿವಿಯಿಂದ ಜಾರಿ ನೇತಾಡಿತು. ಹಕ್ಕಿಯ ಬೆನ್ನಿನ ಗರಿಗಳಿಂದ ಉದುರುವ ಬಿಳಿ ಪುಡಿ ಹಿಟ್ಟಿನಂತೆ ಕೋಟಿನ ಮೇಲೆ, ಮೂಗಿನ ಮೇಲೆ, ಮೀಸೆಯ ಮೇಲೆ ಹರಡಿತು.

ಎಲ್ಲರೂ ಕಾದರು. ಅತ್ತೆ ಎಲ್ಲರಿಗಿಂತ ಶ್ರದ್ಧೆಯಿಂದ ಕಾದರು.

ಅವನು ಸೀನಲಿಲ್ಲ.

"ಸೀನಿ ಸ್ವಾಮಿ," ಎಂದರು ಅತ್ತೆ. "ನಾಚಿಕೆ ಪಡಬೇಡಿ."

ಅವನ ಕೈ ತಾನಾಗಿಯೇ ಮೇಲೆದ್ದಿತು. ತೋರುಬೆರಳು ಹಕ್ಕಿಯ ಜುಟ್ಟಿನ ಬುಡವನ್ನು, ಸರಿಯಾಗಿ ಅದಕ್ಕೆ ಬೇಕಾದ ಜಾಗದಲ್ಲಿ, ಒಮ್ಮೆ ಕೆರೆಯಿತು. ಆಮೇಲೆ ತಾನು ಮಾಡಿದ್ದು ಅರಿವಾಗಿ ಕೈ ಗಾಳಿಯಲ್ಲೇ ನಿಂತಿತು.

ಹಕ್ಕಿಯಮ್ಮ ಹತ್ತಿರ ಬಂದಳು. ಅವಳ ಕಣ್ಣಲ್ಲಿ ಬೆಂಕಿಯಿತ್ತು, ದನಿಯಲ್ಲಿರಲಿಲ್ಲ.

"ಇಷ್ಟು ನೆಚ್ಚಿಕೊಂಡಿದೆಯಲ್ಲೋ ಇದು ನಿನ್ನ. ಒಂಟಿ ಗೂಡಲ್ಲಿ ಹಾಕಿ ಎಷ್ಟು ದಿನ ಮರೆತಿದ್ದೆ? ಮೈ ಮೇಲಿನ ಗರಿನೆಲ್ಲ ಕಿತ್ಕೊಳ್ಳೋ ಅಷ್ಟು ದಿನ?"

ಅವಳು ತೋಳು ಚಾಚಿದಳು. ಹಕ್ಕಿ ಅತ್ತ ನೋಡಿತು, ಇತ್ತ ನೋಡಿತು, ಕೊನೆಗೆ ಅಂಗಿ ಹೊಲಿದ ತೋಳಿಗೆ ಇಳಿಯಿತು.

ಅಧಿಕಾರಿ ಕೈಯಲ್ಲಿದ್ದ ಆದೇಶವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು. "ಇದನ್ನ ಓದೋ ಅಗತ್ಯ ಇಲ್ಲ. ನಿಮ್ಮ ಕೇಂದ್ರದ ಗೂಡುಗಳನ್ನ ಇವತ್ತೇ ನೋಡಬೇಕು. ಜೊತೆಗೆ ಬನ್ನಿ. ರಾಣಿ ಎಲ್ಲಿ?"

ಕರುಣಾಮೂರ್ತಿ ಕೋಟಿನ ಪುಡಿಯನ್ನು ಕೊಡವಿಕೊಂಡ. ಮಾಸ್ಕಿಲ್ಲದ ಅವನ ಮುಖ ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿ ಕಂಡಿತು. ಸೊಸೆಯ ಕಡೆ ತಿರುಗಿ ಮೆಲ್ಲಗೆ ಹೇಳಿದ.

"ಬಾಗಿಲು ದಾಟೋದು ನನಗೆ ಗೊತ್ತು ಅಂತ ಕಂಡುಹಿಡಿದ್ರಿ, ಸರಿ. ಬೀಗ ಒಡೆದಿರಲಿಲ್ಲ ಅನ್ನೋದು ಮರೀಬೇಡಿ."

* * *

ಗೇಟಿನ ಹತ್ತಿರ ಅಧಿಕಾರಿ ನಡೆದದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದರು. ಮೊದಲು ಗುಸುಗುಸು, ಆಮೇಲೆ ಚಪ್ಪಾಳೆ. ಬೋರ್ಡು ಹಿಡಿದಿದ್ದ ಒಬ್ಬಾಕೆ ಮುಂದೆ ಬಂದು ಹಕ್ಕಿಯಮ್ಮನ ಕೈ ಹಿಡಿದು ಒಮ್ಮೆ ಅದುಮಿ, ಬೋರ್ಡನ್ನು ಹಿಂದುಮುಂದಾಗಿ ಗೋಡೆಗೆ ಒರಗಿಸಿದಳು. ವಿಡಿಯೋ ತೆಗೆದವನೂ ಅಲ್ಲಿದ್ದ. ಇದನ್ನೂ ತೆಗೀತೀನಕ್ಕಾ ಎಂದ. ತೆಗಿ, ಆದರೆ ಫ್ಲ್ಯಾಶ್ ಹಾಕಬೇಡ ಎಂದಳು ಹಕ್ಕಿಯಮ್ಮ.

ಮುಚ್ಚುವ ಹೊತ್ತಾಗಿದ್ದರೂ ಕಾದು ನಿಂತ ಮಕ್ಕಳಿಗಾಗಿ ಬಲೆಮನೆಯನ್ನು ಸ್ವಲ್ಪ ಹೊತ್ತು ತೆರೆದರು. ಹಕ್ಕಿಯಮ್ಮ ನಡುಕೋಣೆಯಲ್ಲಿ ತನ್ನ ಜಾಗದಲ್ಲಿ ನಿಂತಳು. "ಬಾಗಿಲು ಹಾಕ್ಕೊಂಡು ಬನ್ರಪ್ಪ," ಎಂಬ ಅವಳ ದನಿ ಇಷ್ಟು ದಿನಗಳ ಮೇಲೆ ಅಂಗಳದವರೆಗೂ ಕೇಳಿಸಿತು. ಈ ಸಲ ಒಬ್ಬರೂ ಮರೆಯಲಿಲ್ಲ. ಅಧಿಕಾರಿಯ ತಲೆಯ ಮೇಲೊಂದು ಹಸಿರು ಗಿಣಿ ಕೂತು ಕನ್ನಡಕ ಎಳೆಯಿತು. ಅವರು ಕದಲದೆ, ಹೆಮ್ಮೆಯಿಂದ, ಉಸಿರು ಬಿಗಿಹಿಡಿದು ನಿಂತರು.

ಸೊಸೆ ಇದನ್ನೆಲ್ಲ ಬೇಲಿಗೆ ಒರಗಿ ನೋಡಿದಳು. ಇಷ್ಟು ದಿನ ಬಿಡದ ಅನುಮಾನ ಎಲ್ಲೂ ಇರಲಿಲ್ಲ. ಹುಡುಕಿ ನೋಡಿಕೊಂಡಳು. ನಿಜವಾಗಿಯೂ ಇರಲಿಲ್ಲ.

"ಅತ್ತೆ, ಆ ಬೆಕ್ಕಿನ ಮಾತು ನಿಮಗೆ ಹೇಗೆ ಹೊಳೀತು?"

"ನಾನು ಸುಮ್ನೆ ಕೇಳಿದೆ ಕಣೆ. ಹಾರೋ ಬೆಕ್ಕಿದ್ರೆ ನೋಡೋಣ ಅಂತ."

ಅಧಿಕಾರಿ ಕರುಣಾಮೂರ್ತಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟರು. ಜನ ಕರಗಿದರು. ಮೂರೂ ಹೆಂಗಸರು ಆಫೀಸಿನಲ್ಲಿ ಚಹಾ ಹಿಡಿದು ಕೂತರು. ಬೋಳು ಎದೆಯ ಹಕ್ಕಿ ಕುರ್ಚಿಯ ಬೆನ್ನಿನ ಮೇಲೆ ಕೂತು ಅತ್ತೆಯ ಬಿಸ್ಕತ್ತಿನ ಮೇಲೆ ಕಣ್ಣಿಟ್ಟಿತ್ತು. ಇವಳಿಗೂ ಒಂದು ಹೆಸರಿಡಬೇಕು, 'ಸೀನಮ್ಮ' ಅಂದರೆ ಹೇಗೆ ಎಂದು ಅತ್ತೆ ಕೇಳುತ್ತಿದ್ದಾಗ ಮೇಜಿನ ಮೇಲಿನ ಫೋನು ಬಡಿದುಕೊಂಡಿತು.

ಚಹಾದ ಹೊತ್ತು. ಯಜಮಾನರು.

ಎಲ್ಲರಿಗೂ ಕೇಳಲಿ ಎಂದು ಸೊಸೆ ಸ್ಪೀಕರ್ ಒತ್ತಿದಳು.

"ಏನಾಯ್ತಮ್ಮ? ಆದೇಶ ಓದಿದ್ರಾ?"

"ಇಲ್ಲ ಯಜಮಾನ್ರೇ. ಪಾರ್ಕು ಉಳೀತು. ಹಕ್ಕಿಯಮ್ಮನ ತಪ್ಪಿಲ್ಲ ಅಂತ ಆಯ್ತು. ರಕ್ಷಣಾ ಕೇಂದ್ರದವನೇ ಹಕ್ಕಿ ಬದಲಾಯಿಸಿದ್ದು. ಸಿಕ್ಕಿಬಿದ್ದ."

ಆ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ಆಪರೇಷನ್ ಆದವರಿಗೆ ಇಷ್ಟು ಸಂತೋಷ ಒಮ್ಮೆಲೇ ಹೇಳಬಾರದಿತ್ತೇನೋ ಎಂದು ಸೊಸೆ ನಾಲಿಗೆ ಕಚ್ಚಿಕೊಂಡಳು.

"ಭೇಷ್," ಎಂದರು ಯಜಮಾನರು ಕೊನೆಗೆ. "ನೀವು ಇಷ್ಟು ಮಾಡ್ತೀರಿ ಅಂತ ನಾನು ಅಂದುಕೊಂಡೇ ಇರಲಿಲ್ಲ."

ಅವರ ಹಿಂದೆ ಎಲ್ಲೋ ಒಂದು ಬಾಗಿಲು ಕಿರ್ ಎಂದಿತು. ಯಾರದೋ ಹೆಜ್ಜೆ ಸದ್ದು.

"ಬಾಗಿಲು ಹಾಕ್ಕೊಂಡು ಬನ್ರಪ್ಪ," ಎಂದಿತು ಫೋನು.

ಹಕ್ಕಿಯಮ್ಮನ ದನಿ. ಅದೇ ಗಂಟಲು, ಅದೇ ಎಳೆತ. ಸೊಸೆ ಅವಳ ಕಡೆ ತಿರುಗಿದಳು. ಹಕ್ಕಿಯಮ್ಮ ಎದುರಿಗೇ ಕೂತಿದ್ದಳು. ಚಹಾದ ಲೋಟ ತುಟಿಗೆ ತಾಗಿ ನಿಂತಿತ್ತು, ಕಣ್ಣು ಅಗಲವಾಗಿತ್ತು, ಬಾಯಿ ಮುಚ್ಚಿತ್ತು.

ಅತ್ತೆ ಬಿಸ್ಕತ್ತನ್ನು ಮೇಜಿನ ಮೇಲಿಟ್ಟು ಒಂದು ಬೆರಳೆತ್ತಿದರು. ಸುಮ್ಮನಿರಿ ಎಂದು. ಆಮೇಲೆ ಅದೇ ಬೆರಳನ್ನು ಫೋನಿನ ಕಡೆ ತೋರಿಸಿ, ರಾಣಿಯೇ ಎನ್ನುವಂತೆ ತಲೆಯಾಡಿಸಿದರು. ಅವರ ಕಿವಿ ತಪ್ಪಿದ್ದೇ ಇಲ್ಲ.

ಕೀ ಕೊಟ್ಟು ತೆಗೆಸಿದ, ಒಡೆಯದ ಬೀಗ. ಯಾರೂ ನೋಡಿರದ ಆಸ್ಪತ್ರೆ. ಊರಿನ ಪತ್ತೇದಾರರನ್ನೆಲ್ಲ ಬಿಟ್ಟು, ಟೈಲರ್ ಅಂಗಡಿ ಮಹಡಿಯ ಎರಡು ಕುರ್ಚಿಯ ಆಫೀಸನ್ನೇ ಹುಡುಕಿದ್ದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಸೊಸೆಯ ಎದುರಿಗೆ ಬಂದು ನಿಂತಿತು. ಇವರ ಕೈಯಲ್ಲಿ ಏನೂ ಆಗುವುದಿಲ್ಲ, ಪಾರ್ಕು ಮುಚ್ಚಿ ತಪ್ಪು ಹಕ್ಕಿಯಮ್ಮನ ತಲೆಗೆ ಬೀಳುತ್ತದೆ, ರಾಣಿ ಮಾತ್ರ ತಮ್ಮ ಬಳಿ ಉಳಿಯುತ್ತಾಳೆ ಎಂದೇ ಇವರನ್ನು ಕರೆದಿದ್ದರು.

ಬೇರೆ ದಿನವಾಗಿದ್ದರೆ ಸೊಸೆಗೆ ಅಳು ಬರುತ್ತಿತ್ತು. ಇವತ್ತು ಅವಳಿಗೆ ನಗು ಬಂತು.

"ಸೊಸೆಯಮ್ಮ," ಎಂದರು ಯಜಮಾನರು. ದನಿಯಲ್ಲಿ ಗದ್ಗದವಿರಲಿಲ್ಲ. "ಈಗ ನಿಮಗೇನಾದರೂ ಕೇಳಿಸ್ತಾ?"

ಸೊಸೆ ಫೋನಿನ ಹತ್ತಿರಕ್ಕೆ ಬಾಗಿದಳು. ಯಾವ ಮಾತನ್ನೂ ಎರಡು ಸಲ ತೂಗದೆ ಆಡದವಳು ಈ ಮಾತನ್ನು ತೂಗಲಿಲ್ಲ.

"ಕೇಳಿಸ್ತು ಯಜಮಾನ್ರೇ. ನಿಮ್ಮ ಆಸ್ಪತ್ರೆಗೂ ಎರಡು ಬಾಗಿಲಾ?"

ಫೋನಿನ ಆ ತುದಿಯಲ್ಲಿ ಆತುರದ ಹೆಜ್ಜೆಗಳು, ಒಂದು ಬಾಗಿಲು ತೆರೆದ ಸದ್ದು ಕೇಳಿಸಿದವು. ಅದು ಮುಚ್ಚಲಿಲ್ಲ. ಅದರ ಹಿಂದೆಯೇ ಇನ್ನೊಂದು ತೆರೆಯಿತು.

ಆಮೇಲೆ ರೆಕ್ಕೆ ಬಡಿತ, ಫೋನಿನಿಂದ ದೂರ ದೂರ.